ಮಿತಿ ಇಳಿದ ಕಾರ್ಡು, ಜೂನ್ ತಿಂಗಳ ಶುಲ್ಕ

ಮಾರಿಕುಪ್ಪಂನಿಂದ ನಸುಕಿನಲ್ಲೇ ಹೊರಟು ಬಂಗಾರಪೇಟೆಯ ಮೂಲಕ ಬೆಂಗಳೂರು ಸೇರುವ ರೈಲುಗಾಡಿಯನ್ನು ನಂಬಿ ಬದುಕುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಇವೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ತರುವಾಯ ಗಣಿ ಕಾರ್ಮಿಕರ ಮಕ್ಕಳಿಗೆ ಉಳಿದ ದಾರಿ ಬಹುಮಟ್ಟಿಗೆ ಇದೇ. ಗಣಿಯ ಕಾಲದಲ್ಲಿ ಸಂಬಳದ ದಿನ ಬಡ್ಡಿಯವನು ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದನೆಂದು ಹಿರಿಯರು ಹೇಳುತ್ತಾರೆ. ಈಗ ಸಾಲವು ಕಾರ್ಡಿನ ರೂಪದಲ್ಲಿ ಜೇಬಿನೊಳಗೇ ಪ್ರಯಾಣ ಮಾಡುತ್ತದೆ.

ಕಳೆದ ಮೇ ತಿಂಗಳಲ್ಲಿ ಅಂತಹ ಗೃಹಸ್ಥರೊಬ್ಬರು ಗುರುಮನೆಗೆ ಬಂದರು. ತಾಯಿಯ ಶಸ್ತ್ರಚಿಕಿತ್ಸೆಗೆಂದು 1,00,000 ರೂಪಾಯಿ ಮಿತಿಯ ಕಾರ್ಡಿನಲ್ಲಿ ಮಾಡಿದ ಸಾಲ 90,000ಕ್ಕೆ ನಿಂತಿತ್ತು. ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿಯೇ ಮೂರು ಸಾವಿರವನ್ನು ಮೀರುತ್ತಿತ್ತು. ಮತ್ತೊಂದು ಬ್ಯಾಂಕು 1,60,000ದ ಕಾರ್ಡು ನೀಡಿ, ಬಾಕಿಯನ್ನು ತನಗೆ ವರ್ಗಾಯಿಸಿದರೆ ಕಡಿಮೆ ಬಡ್ಡಿಯಲ್ಲಿ 12 ಕಂತುಗಳಾಗಿ ತೀರಿಸಬಹುದೆಂದಿತು. ಅವರು ಒಪ್ಪಿದರು, ಒಪ್ಪಿದ್ದು ತಪ್ಪೆಂದು ನಾವು ಹೇಳಲಾರೆವು. ಹೊಸ ಕಾರ್ಡಿನಲ್ಲಿ ಉಳಿದ 70,000ವನ್ನು ಜೂನ್‌ನಲ್ಲಿ ಮಕ್ಕಳ ಶಾಲಾ ಶುಲ್ಕಕ್ಕೆಂದು ಮನಸ್ಸಿನಲ್ಲೇ ಎತ್ತಿಟ್ಟರು. ಮೊದಲ ಕಂತಿನ ದಿನ ಬರುವ ಮುನ್ನವೇ ಮಿತಿ 95,000ಕ್ಕೆ ಇಳಿದಿತ್ತು. ಅಂಗಡಿಯಲ್ಲಿ, ಹತ್ತು ಜನರೆದುರು ಕಾರ್ಡು ನಡೆಯದೆ ಹೋದಾಗಲೇ ಅವರಿಗೆ ಅದು ತಿಳಿದದ್ದು.

“ಫಾದರ್, ಇಷ್ಟು ವರ್ಷ ಒಂದು ಕಂತೂ ತಪ್ಪಿಸಿಲ್ಲ. ಕಳ್ಳನನ್ನು ನೋಡುವ ಹಾಗೆ ನೋಡಿದರಲ್ಲ” ಎಂದರು. ಮೀಟರ್ ಬಡ್ಡಿಯವನೊಬ್ಬನೊಡನೆ ಆಗಲೇ ಮಾತಾಡಿಕೊಂಡು ಬಂದಿದ್ದರೆಂಬುದು ನಮಗೆ ಅವರ ಪತ್ನಿಯಿಂದ ತಿಳಿಯಿತು.

ಬ್ಯಾಂಕಿನ ಕಡೆಯಿಂದಲೂ ನೋಡಬೇಕು. ಬಳಸದೆ ಉಳಿದ ಮಿತಿಯೂ ಅದಕ್ಕೊಂದು ಹೊಣೆಯೇ. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಕಾರ್ಡು ಸಾಲಗಳ ಅಪಾಯದ ತೂಕವನ್ನು ಹೆಚ್ಚಿಸಿತು. ಅಂದರೆ ಇಂತಹ ಸಾಲಕ್ಕೆ ಬ್ಯಾಂಕುಗಳು ಹೆಚ್ಚು ಬಂಡವಾಳವನ್ನು ಬದಿಗಿಡಬೇಕಾಯಿತು. ಮಿತಿಯನ್ನು ಇಳಿಸುವ ಅಧಿಕಾರವೂ ಬ್ಯಾಂಕಿಗೆ ಉಂಟು. ಆದರೆ ಇಳಿಸಿದ್ದನ್ನು ಗ್ರಾಹಕನಿಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ವಿಧಿಸಿತು. ಏರಿಸಲು ಗ್ರಾಹಕನ ಒಪ್ಪಿಗೆ ಬೇಕು, ಇಳಿಸಲು ತಿಳಿವಳಿಕೆ ಸಾಕು! ಸಾಲವನ್ನು ತಾನಾಗಿಯೇ ಮನೆಗೆ ಕರೆದ ಬ್ಯಾಂಕು, ಕರೆದ ತಿಂಗಳಲ್ಲೇ ಬಾಗಿಲನ್ನು ಅರ್ಧ ಮುಚ್ಚುವುದು ಕಾನೂನಿಗೆ ಸರಿಯಿದ್ದರೂ ನ್ಯಾಯವೆಂದು ನಮಗೆ ತೋರುವುದಿಲ್ಲ.

ಬಡ್ಡಿಯನ್ನು ಹಣ ಹೆತ್ತ ಮರಿಯೆಂದು ಅರಿಸ್ಟಾಟಲ್ ಹಳಿದಿದ್ದನ್ನು ಸೆಮಿನರಿಯಲ್ಲಿ ಓದಿದಾಗ ನಾವು ನಕ್ಕಿದ್ದುಂಟು. ವರ್ಷಕ್ಕೆ ಶೇಕಡಾ 30ನ್ನು ಮೀರಿದ ಕಾರ್ಡು ಬಡ್ಡಿ ಅನ್ಯಾಯವೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ನೀಡಿದ್ದ ತೀರ್ಪನ್ನು 2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿದ ಸುದ್ದಿ ಓದಿದಾಗ ನಗು ಬರಲಿಲ್ಲ.

ಸಿಟ್ಟಿನಲ್ಲಿ ಹಳೆಯ ಕಾರ್ಡನ್ನು ರದ್ದುಮಾಡುವೆನೆಂದು ಅವರು ಹೊರಟಿದ್ದರು. ಲೆಕ್ಕ ಹಾಕಿ ತೋರಿಸಿದೆವು. ಎರಡೂ ಕಾರ್ಡುಗಳ ಮಿತಿ ಸೇರಿ 2,60,000 ಇದ್ದಾಗ 90,000ದ ಸಾಲ ಸುಮಾರು ಶೇಕಡಾ 35 ಆಗಿತ್ತು. ಮಿತಿ ಇಳಿದ ಮೇಲೆ ಅದೇ ಸಾಲ ಶೇಕಡಾ 46. ಹಳೆಯದನ್ನು ಮುಚ್ಚಿದರೆ ಶೇಕಡಾ 95! ಸಾಲ ಒಂದು ರೂಪಾಯಿಯೂ ಹೆಚ್ಚದೆ ಸಿಬಿಲ್ ಅಂಕ ಕುಸಿಯುವುದು ಹೀಗೆ. ಆದರೂ ಕಾರ್ಡು ಕೈಯಲ್ಲಿದ್ದರೆ ಉಜ್ಜದೆ ಇರಲಾರೆ ಎನ್ನುವವರು ಅಂಕದ ಚಿಂತೆ ಬಿಟ್ಟು ಅದನ್ನು ಮುಚ್ಚಿಬಿಡಲಿ ಎಂಬುದೇ ನಮ್ಮ ಅಭಿಪ್ರಾಯ.

ಇವರಿಗೆ ಹೇಳಿದ್ದು ಬೇರೆ. ಹಳೆಯ ಕಾರ್ಡನ್ನು ಹೆಂಡತಿಯ ಕೈಗೆ ಕೊಡಿ. ಹೊಸದರಲ್ಲಿ ಇನ್ನೇನನ್ನೂ ಕೊಳ್ಳಬೇಡಿ. ಮಿತಿಯಲ್ಲಿ ಉಳಿದಿರುವುದು ಐದೇ ಸಾವಿರ. ವಿದ್ಯುತ್ತು, ಫೋನು ಬಿಲ್ಲುಗಳು ತಾವಾಗಿಯೇ ಆ ಕಾರ್ಡಿನಿಂದ ಸಂದಾಯವಾಗುತ್ತಿದ್ದರೆ ಇಂದೇ ನಿಲ್ಲಿಸಿ. ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ಸಾಲ ವರದಿಯನ್ನು ತರಿಸಿ, ತೀರಿಸಿದ ಸಾಲವೇನಾದರೂ ಬಾಕಿಯೆಂದು ನಮೂದಾಗಿದೆಯೇ ನೋಡಿ. ಮಿತಿ ಇಳಿಸಿದ ಕಾರಣವನ್ನೂ ತಿಳಿಸಿದ ದಿನಾಂಕವನ್ನೂ ಕೇಳಿ ಬ್ಯಾಂಕಿಗೆ ಬರೆಯಿರಿ; 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.

ಶಾಲೆಯ ಶುಲ್ಕದ ಮಾತು ಮಾತ್ರ ಉಳಿಯಿತು. ಸಾಲವೆಂದು ಹೇಳಿಕೊಳ್ಳಲು ಅವರಿಗೆ ನಾಚಿಕೆ. ಕೊನೆಗೆ ಅವರ ಪತ್ನಿಯೇ ಶಾಲೆಯ ಮುಖ್ಯಸ್ಥರನ್ನು ಕಂಡು, ಇದ್ದದ್ದನ್ನು ಇದ್ದಂತೆ ಹೇಳಿ, ಮೂರು ಕಂತುಗಳಿಗೆ ಒಪ್ಪಿಗೆ ಪಡೆದರು. ಮೀಟರ್ ಬಡ್ಡಿಯವನ ಬಳಿ ಯಾರೂ ಹೋಗಲಿಲ್ಲ. ಬ್ಯಾಂಕಿನ ಉತ್ತರ ನಾವಿದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. 30 ದಿನಗಳು ಮುಂದಿನ ಗುರುವಾರಕ್ಕೆ ತುಂಬುತ್ತವೆ.