ತಳಿ ಒಂದೇ, ನೆಲ ಬ್ಯಾರೆ (ಭಾಗ 3)

"ಬ್ಯಾಡಗಿ ಅಂದ್ರ ಎಲ್ಲಾ ಒಂದ" ಅನ್ನೋರಿಗೆ ಈ ಉತ್ತರ.

ಶಾರ್ಡೊನೆ ಎಂಬ ಬಿಳಿ ವೈನ್ ದ್ರಾಕ್ಷಿ ಫ್ರಾನ್ಸಿನ ಶಾಬ್ಲಿಯ ಥಂಡಿಗೆ ಹುಳಿ ಹಿಡಿಯುತ್ತದೆ, ಕ್ಯಾಲಿಫೋರ್ನಿಯಾದ ಬಿಸಿಲಿಗೆ ಮಾಗಿದ ಹಣ್ಣಿನ ರುಚಿ ಕೊಡುತ್ತದೆ. ಅದಕ್ಕೇ ಬಾಟ್ಲಿ ಮೇಲೆ ಊರ ಹೆಸರು. ಜನ ಆ ಊರಿಗೆ ರೊಕ್ಕ ಕೊಡ್ತಾರ.

ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆದ್ರ ಮುಂಡರಗಿ, ಶಿರಹಟ್ಟಿಯ ಎರೆ ಹೊಲದಾಗ ಮಳಿ ನಂಬಿ ಬೆಳೆದ ಡಬ್ಬಿ, ಕಡ್ಡಿಗೂ, ನೀರು ಕೊಟ್ಟು ರಾಶಿಗಟ್ಟಲೆ ತೆಗೆದ ಹೈಬ್ರಿಡ್‌ಗೂ ಎಷ್ಟೋ ಪುಡಿ ಪಾಕೀಟಿನ ಮೇಲೆ ಒಂದೇ ಹೆಸರು! ಕಡು ಕೆಂಪು ಬಣ್ಣ, ಕಡಿಮೆ ಖಾರ: ಆ ಗುಣ ಉಳಿಸಿದ ರೈತನಿಗೆ ತಕ್ಕ ರೇಟ್ ಸಿಗದಿದ್ರ ನಾಳೆ ಅವನೂ ಹೈಬ್ರಿಡ್ ಹಾಕ್ತಾನ. ಬೀಜ ಹೋತು, ಹೆಸರಷ್ಟ ಉಳೀತು.

ದೋಸ್ತ್ರ, ಅಂಗಡ್ಯಾಗ "ಖಾರ ಐತೇನ್ರಿ?" ಅಂದು ಸುಮ್ಮನಾಗಬ್ಯಾಡ್ರಿ. "ಯಾವ ಊರಿಂದು, ಯಾವ ಬೀಜದ್ದು?" ಅಂತ ಕೇಳ್ರಿ.

#ಬ್ಯಾಡಗಿ #ನಮ್ಮಗದಗ