ಹೊಡೆತಕ್ಕೆ ರಾಜಿ ಎಂಥದ್ದು?

ಮೊನ್ನೆ ಅಟ್ಟದಿಂದ ಕಾಯಿ ಇಳಿಸಿ, ಕರಟ ಒಡೆದು ಕೊಬ್ಬರಿ ಬಿಡಿಸ್ತಾ ಕೂತಿದ್ವಿ. ನಾಲ್ಕು ಜನ ಹೆಂಗಸರು ಸೇರಿದ ಮೇಲೆ ಮಾತು ಬರದೇ ಇರುತ್ತಾ? ಒಬ್ಬಳು ಅಂದ್ಲು, "ಆ ಹುಡುಗಿ ಮತ್ತೆ ತೌರಿಗೆ ಬಂದೌಳಂತೆ ಕಣಕ್ಕ. ಈ ಸಲ ಕೈ ಮುರಿದೈತಂತೆ." ಇನ್ನೊಬ್ಬಳು, "ಹೋದ್ಸಲ ರಾಜಿ ಆಗಿತ್ತಲ್ಲೇ?" ಅಂದ್ಲು. ನನಗೆ ಕೈ ಓಡಲಿಲ್ಲ.

ಯಾಕಂದ್ರೆ ಆ ರಾಜಿ ನಡೆದಾಗ ನಾನೂ ಅಲ್ಲಿದ್ದೆ. ಊರಿನ ಹೆಸರು ಬೇಡ, ನೆಂಟರೂರು ಅಂತ ಇಟ್ಕೊಳ್ಳಿ. ದೇವಸ್ಥಾನದ ಜಗಲಿ ಮೇಲೆ ಗಂಡಸರು ಕೂತಿದ್ರು. ಪಂಚಾಯ್ತಿ ಮೆಂಬರು ಹೆಂಗಸು, ಆದ್ರೆ ಬಂದಿದ್ದು ಅವರ ಯಜಮಾನ್ರು. ಹುಡುಗಿ ಕಂಬದ ಹಿಂದೆ ಸೆರಗು ಹೊದ್ದು ನಿಂತಿದ್ಲು. "ನೀನೂ ಒಸಿ ಬಾಯಿ ಕಡಿಮೆ ಮಾಡ್ಕೊಳವ್ವ" ಅಂದ್ರು. ಅವನಿಗೆ "ಇನ್ಮೇಲೆ ಕೈ ಮಾಡಬ್ಯಾಡ ಕಣಪ್ಪ" ಅಂದ್ರು. ಬಿಳಿ ಹಾಳೇಲಿ ಬರೆಸಿ, ಸೈನು ಹಾಕಿಸಿ, ಟೀ ಕುಡಿದು ಎದ್ರು. ಎಮ್ಮೆ ಹೊಲಕ್ಕೆ ನುಗ್ಗಿದ ಜಗಳವೂ ಅದೇ ಜಗಲೀಲಿ ತೀರುತ್ತೆ. ಎಮ್ಮೆ ಮೇದ ಬೆಳೆಗಾದ್ರೂ ದಂಡ ಕಟ್ಟಿಸ್ತಾರೆ. ಇವಳ ಮೈಮೇಲಿನ ಬಾಸುಂಡೆಗೆ ಅದೂ ಇಲ್ಲ.

ಪಂಚಾಯ್ತಿಗಳು ಏನೂ ಮಾಡ್ತಿಲ್ಲ ಅಂತ ನಾನು ಹೇಳಲ್ಲ. ನವೆಂಬರ್ 25 ಬಂದ್ರೆ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೀಬೇಕು ಅಂತ ಸಂಘದೋರನ್ನ ಸೇರಿಸಿ ಜಾಥಾ ಮಾಡಿಸ್ತಾರೆ, ಪ್ರತಿಜ್ಞೆ ಹೇಳಿಸ್ತಾರೆ, ಫೋಟೋ ತೆಗೀತಾರೆ. ಮಹಿಳಾ ಗ್ರಾಮಸಭೆ ಅಂತಲೂ ಕರೀತಾರೆ. ಆದ್ರೆ ಪ್ರತಿಜ್ಞೆ ಹೇಳೋರು ಯಾರು? ಹೊಡೆತ ತಿನ್ನೋ ನಾವು. ಹೊಡೆಯೋನು ಆ ಹೊತ್ತಿಗೆ ತೋಟದಲ್ಲೋ ಅಂಗಡಿ ಮುಂದೋ ಇರ್ತಾನೆ. ಸಭೆ ಹನ್ನೊಂದು ಗಂಟೆಗೆ ಇಟ್ರೆ ಕೂಲಿಗೆ ಹೋದೋಳು ಬರೋಕಾಗಲ್ಲ. ಆಮೇಲೆ ಪುಸ್ತಕ ಮನೆಮನೆಗೆ ಬರುತ್ತೆ, ನಾವು ಓದದೇ ಸೈನು ಹಾಕ್ತೀವಿ.

ನಮ್ಮ ರಾಜ್ಯದಲ್ಲಿ 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಹೆಂಗಸರಿಗೆ ನೂರಕ್ಕೆ 25 ಸೀಟು ಮೀಸಲು ಇತ್ತು. ಈಗ ಅರ್ಧ ನಮ್ಮದೇ. ಅರ್ಧ ಕುರ್ಚಿ ನಮಗೆ ಕೊಟ್ಟು, ಅದರ ಮೇಲೆ ಯಜಮಾನ್ರು ಕೂತ್ಕೊಂಡ್ರೆ ನಮಗೇನು ಬಂತು?

ಈಗ ಕಾನೂನಿನ ಮಾತು ಕೇಳಿ, ಇದು ನಮಗೆ ಬೇಕಾದ್ದು. ಕೌಟುಂಬಿಕ ದೌರ್ಜನ್ಯದ ಕಾಯಿದೆ 2005ರಲ್ಲಿ ಆಯ್ತು, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಹೊಡೆಯೋದು ಮಾತ್ರ ಅಲ್ಲ, ಬಾಯಿಗೆ ಬಂದಂಗೆ ಬೈಯೋದು, ಡೈರಿ ಬಟವಾಡೆ ದುಡ್ಡು ಕಿತ್ಕೊಳ್ಳೋದು, ಖರ್ಚಿಗೆ ಕೊಡದೇ ಇರೋದೂ ಅದರೊಳಗೆ ಬರುತ್ತೆ. ಇದಕ್ಕೆ ಸಂರಕ್ಷಣಾಧಿಕಾರಿ ಅಂತ ಇರ್ತಾರೆ. ನಮ್ಮ ರಾಜ್ಯದಲ್ಲಿ ಆ ಕೆಲಸ ತಾಲ್ಲೂಕಿನ ಸಿಡಿಪಿಒ ಅವರದ್ದು, ಅದೇ ನಮ್ಮ ಅಂಗನವಾಡಿಗಳನ್ನ ನೋಡ್ಕೊಳ್ಳೋ ಆಫೀಸು. ನಮಗೆ ಅದು ತುರುವೇಕೆರೇಲಿದೆ. ಪೌಷ್ಟಿಕ ಆಹಾರದ ಆಫೀಸು ಅಂತ ಮಾತ್ರ ತಿಳ್ಕೊಂಡಿದ್ವಿ, ಅಲ್ವಾ? ಅವರು ವರದಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸಬೇಕು. ತೌರಿಗೆ ಬಂದಿದ್ರೆ ತೌರಿನ ತಾಲ್ಲೂಕಲ್ಲೇ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ಸರ್ಕಾರದ ಕಾನೂನು ಸೇವೆಯಿಂದ ವಕೀಲರೂ ಪುಕ್ಕಟೆ.

"ಹಂಗೆಲ್ಲ ಹೋದ್ರೆ ಸಂಸಾರ ಮುರಿಯುತ್ತೆ ಕಣೆ" ಅಂತೀರಿ. ನಮ್ಮ ಅತ್ತೆ ಕಾಲದಿಂದ ಇದೇ ಮಾತು. ಈ ಕಾಯಿದೆ ಡೈವೋರ್ಸ್ ಕೊಡಿಸೋದಲ್ಲ. "ಹೊಡೀಬೇಡ, ಇವಳನ್ನ ಮನೆಯಿಂದ ಹೊರಗೆ ಹಾಕಬೇಡ" ಅಂತ ಕೋರ್ಟಿನ ಆದೇಶ ಕೊಡಿಸುತ್ತೆ. ಮನೆ ಅವನ ಹೆಸರಲ್ಲಿದ್ರೂ ಅವಳಿಗೆ ಅಲ್ಲಿ ಇರೋ ಹಕ್ಕಿದೆ. ರಕ್ಷಣೆಯ ಆದೇಶ ಮೀರಿದ್ರೆ ಒಂದು ವರ್ಷದವರೆಗೆ ಜೈಲು, ಇಲ್ಲಾಂದ್ರೆ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಜಗಲಿ ಮೇಲಿನ ಬಿಳಿ ಹಾಳೆ ಮೀರಿದ್ರೆ ಏನಾಗುತ್ತೆ? ಇನ್ನೊಂದು ಬಿಳಿ ಹಾಳೆ. ಸಂಸಾರ ಮುರಿಯೋದು ಅರ್ಜಿಯಿಂದಲ್ಲ ಕಣ್ರಮ್ಮ, ಹೊಡೆತದಿಂದ.

ಇನ್ನೊಂದು ಮಾತಿದೆ, ಇದು ನನಗೇ ಚುಚ್ಚೋದು. ಹೊಡೆತ ತಿಂದೋಳೇ ಹೋಗಬೇಕು ಅಂತಿಲ್ಲ. ಗೊತ್ತಿರೋ ಯಾರು ಬೇಕಾದ್ರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೇ ಮನಸ್ಸಿಂದ ತಿಳಿಸಿದೋರ ಮೇಲೆ ಕೇಸು ಹಾಕೋ ಹಂಗಿಲ್ಲ ಅಂತ ಅದೇ ಕಾಯಿದೆಯ 4ನೇ ಸೆಕ್ಷನ್ನಲ್ಲಿದೆ. ನಾನು ಹಬ್ಬಕ್ಕೆ ಅಂತ ಆ ಊರಿಗೆ ಹೋಗಿದ್ದಾಗ ಗೋಡೆ ಆಚೆ ಅವಳ ಕೂಗು ಕೇಳ್ತು. ಟಿವಿ ಸೌಂಡು ಜಾಸ್ತಿ ಮಾಡಿದೋಳು ನಾನೇ. ಆ ಮುರಿದ ಕೈಯಲ್ಲಿ ನನ್ನ ಪಾಲೂ ಇದೆ.

ಅದಕ್ಕೇ ಪಂಚಾಯ್ತಿಗಳನ್ನ ಕೇಳಬೇಕಾದ್ದು ಮೂರೇ. ಒಂದು, ಹೊಡೆತದ ವಿಷಯ ಬಂದ್ರೆ ರಾಜಿಗೆ ಕೂರದೇ ಸಿಡಿಪಿಒ ಆಫೀಸಿಗೆ ಕಳಿಸಿ. ಎರಡು, ಆ ಆಫೀಸಿನ ನಂಬರನ್ನೂ, 181 ಮತ್ತು 112ನ್ನೂ, ಮಕ್ಕಳಿಗೆ 1098ನ್ನೂ ಪಂಚಾಯ್ತಿ ಗೋಡೆ, ಡೈರಿ ಗೋಡೆ ಮೇಲೆ ದಪ್ಪಗೆ ಪೇಂಟಿನಲ್ಲಿ ಬರೆಸಿ. ಮೂರು, ಮಹಿಳಾ ಗ್ರಾಮಸಭೆ ನಮಗೆ ಬಿಡುವಿರೋ ಹೊತ್ತಲ್ಲಿ ಇಡಿ, ಮೆಂಬರಮ್ಮನೇ ಬಂದು ಕೂರಲಿ, ಯಜಮಾನ್ರು ಬಾಗಿಲಾಚೆ ಇರಲಿ. ಇದಕ್ಕೇನೂ ಲಕ್ಷಗಟ್ಟಲೆ ಅನುದಾನ ಬೇಕಿಲ್ಲ.

ಇನ್ನು ನಾವು. ಅಟ್ಟದ ಮೇಲಿನ ಕಾಯಿ ಯಾರಿಗೂ ಕಾಣದೇ ಒಳಗೊಳಗೇ ಒಣಗುತ್ತೆ. ಹೆಣ್ಣುಮಕ್ಕಳು ಹಂಗೆ ಒಣಗೋದನ್ನ ನೋಡ್ತಾ "ಅವಳ ಹಣೇಬರ" ಅನ್ನೋದು ಇನ್ನು ಸಾಕು. ನಂಬರು ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ.

ಆ ಹುಡುಗಿಯ ತೌರು ನಮ್ಮ ತಾಲ್ಲೂಕೇ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಅವಳನ್ನ ಕರ್ಕೊಂಡು ತುರುವೇಕೆರೆಗೆ ಹೊರಟಿದ್ದೀನಿ. ಜೊತೆಗೆ ಬರೋರು ಭಾನುವಾರ ಸಂಜೆಯೊಳಗೆ ಹೇಳಿ. ಟಿವಿ ಆರಿಸಿ ಬನ್ನಿ.