ಆಸ್ಪತ್ರೆ ಬಾಗಿಲಲ್ಲಿ ಬರೆಸುವ ಛಾಪಾ ಕಾಗದ

ಬೆಂಗಳೂರಿನ ಕುಮಾರಸ್ವಾಮಿ ಲೇಔಟ್ ಇಳಿಜಾರಿನ ಬಡಾವಣೆ. ಶಾವಿಗೆ ಮಲ್ಲೇಶ್ವರ ಬೆಟ್ಟದ ಸುತ್ತ ಹಬ್ಬಿದ ಅಡ್ಡರಸ್ತೆಗಳಲ್ಲಿ ಈಗ ಹಳೆ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುವ ಕೆಲಸ. ಮೋಲ್ಡ್ ಹಾಕುವ ದಿನ ಬೆಳಿಗ್ಗೆಯೇ ಆರ್‌ಎಂಸಿ ಲಾರಿಗಳು ಸಾಲಾಗಿ ನಿಲ್ಲುತ್ತವೆ, ಪಂಪಿನ ಪೈಪು ಮೇಲಕ್ಕೆ ಹೋಗುತ್ತದೆ, ಅದರ ತುದಿಯ ರಬ್ಬರ್ ಹೋಸನ್ನು ಇಬ್ಬರು ಮೂವರು ಹುಡುಗರು ತಬ್ಬಿ ಹಿಡಿದಿರುತ್ತಾರೆ. ನಮ್ಮ ಊರುಗಳಿಂದ ಸೆಂಟ್ರಿಂಗ್, ಗಾರೆ ಕೆಲಸ ಅಂತ ಘಟ್ಟ ಹತ್ತಿದವರೂ ಅಲ್ಲಿರುತ್ತಾರೆ. ಅವರಿಗೆ ಕೆಲಸ ಕೊಟ್ಟ ಗುತ್ತಿಗೆದಾರರೂ ಕೆಲವೊಮ್ಮೆ ನಮ್ಮವರೇ. ಅದಕ್ಕೇ ಈ ಮಾತನ್ನು ಈ ಪುಟದಲ್ಲಿ ಎತ್ತುತ್ತಿದ್ದೇವೆ.

ಕಾಂಕ್ರೀಟ್ ಪಂಪ್ ನೋಡಲಿಕ್ಕೆ ಸಾಧು ಯಂತ್ರ. ಆದರೆ ಪೈಪಿನೊಳಗೆ ಜಲ್ಲಿ ಕಟ್ಟಿಕೊಂಡು ಗಾಳಿ ಸಿಕ್ಕಿಕೊಂಡಿತೆಂದರೆ, ಆ ಕಟ್ಟು ಬಿಡುವ ಕ್ಷಣದಲ್ಲಿ ತುದಿಯ ಹೋಸು ಹಾವಿನಂತೆ ಚಾಟಿ ಬೀಸುತ್ತದೆ. ಎದುರಿಗಿದ್ದವನು ಸ್ಲ್ಯಾಬಿನಿಂದಲೇ ಕೆಳಗೆ. ಪಂಪನ್ನು ಹಿಂದಕ್ಕೆ ಓಡಿಸಿ ಒತ್ತಡ ಇಳಿಸದೆ ಕ್ಲ್ಯಾಂಪ್ ಬಿಚ್ಚಿದರೆ ಕಲ್ಲು ಮುಖಕ್ಕೆ ಸಿಡಿಯುತ್ತದೆ. ಹಾಪರ್‌ನ ಜಾಲರಿ ತೆಗೆದು ಕೈ ಹಾಕಿದರೆ ಒಳಗೆ ತಿರುಗುವ ರೆಕ್ಕೆ ಕೈ ಬಿಡುವುದಿಲ್ಲ. ಬೂಮ್ ಪಂಪ್ ಆದರೆ ಮೇಲೆ ವಿದ್ಯುತ್ ತಂತಿ, ಕೆಳಗೆ ಚರಂಡಿ ಚಪ್ಪಡಿಯ ಮೇಲೆ ಊರಿದ ಕಾಲು, ಎರಡೂ ಅಪಾಯವೇ. ಇಳಿಜಾರು ರಸ್ತೆಯಲ್ಲಂತೂ ಕೇಳುವುದೇ ಬೇಡ.

2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತಾಗ ಮಂತ್ರಿಗಳು ಬಂದರು, ಟಿವಿಯವರು ಬಂದರು. ಪಂಪಿನ ಹೋಸು ಬಡಿದು ಒಬ್ಬನ ಕೈ ಹೋದರೆ ಯಾರೂ ಬರುವುದಿಲ್ಲ. ಮೇಸ್ತ್ರಿ ಬರುತ್ತಾನೆ. ಆಸ್ಪತ್ರೆ ಬಿಲ್ಲು ಕಟ್ಟಿ, ಮೇಲೆ ಐವತ್ತು ಸಾವಿರವೋ ಲಕ್ಷವೋ ಕೊಟ್ಟು, "ನನಗೆ ಇನ್ನೇನೂ ತಕರಾರಿಲ್ಲ" ಎಂದು ಛಾಪಾ ಕಾಗದದಲ್ಲಿ ಸಹಿ ಮಾಡಿಸುತ್ತಾನೆ. ಎಷ್ಟೋ ಸಲ ಊರಿನ ಹಿರಿಯರೇ, ಜಮಾಅತ್‌ನವರೇ ಮಧ್ಯೆ ಕೂತು "ಆಯ್ತು ಬಿಡಿ, ಕೋರ್ಟು ಕಚೇರಿ ಯಾಕೆ" ಅನ್ನುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಲೆಕ್ಕ ಮಾತ್ರ ತಪ್ಪು.

ಲೆಕ್ಕ ಹೀಗಿದೆ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಕೆಲಸದಿಂದ, ಕೆಲಸದ ವೇಳೆ ಆದ ಅಪಘಾತ ಎಂದರೆ ಸಾಕು. 2020ರಲ್ಲಿ ನಿಗದಿಯಾದ ತಿಂಗಳಿಗೆ 15,000 ರೂಪಾಯಿ ವೇತನ ಮಿತಿಯನ್ನೇ ಹಿಡಿದರೂ, 30 ವರ್ಷದವನು ಸತ್ತರೆ ಕುಟುಂಬಕ್ಕೆ 15,59,850 ರೂಪಾಯಿ. ಸಂಪೂರ್ಣ ಶಾಶ್ವತ ಅಂಗವಿಕಲನಾದರೆ 18,71,820. ಒಂದು ಕೈಯ ಹೆಬ್ಬೆರಳು ಹೋದರೆ ಶೇ. 30 ನಷ್ಟ, ಅಂದರೆ 5,61,546. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ತಕ್ಕ ಕಾರಣವಿಲ್ಲದಿದ್ದರೆ ಶೇ. 50ರವರೆಗೆ ದಂಡ. ಈಗ ಐವತ್ತು ಸಾವಿರವನ್ನು ಇದರ ಪಕ್ಕ ಇಟ್ಟು ನೋಡಿ.

ಆ ಛಾಪಾ ಕಾಗದಕ್ಕೆ ಬೆಲೆ ಇದೆಯಾ? ಇಲ್ಲ. ಹಕ್ಕು ಬಿಟ್ಟುಕೊಡುವ ಕರಾರನ್ನು ಕಾನೂನು ಒಪ್ಪುವುದಿಲ್ಲ. ಅಂಗವಿಕಲತೆಗೆ ಮಾಡಿಕೊಂಡ ರಾಜಿಯನ್ನು ಆಯುಕ್ತರ ಬಳಿ ನೋಂದಾಯಿಸದಿದ್ದರೆ ಮಾಲೀಕ ಹೊಣೆಯಿಂದ ಬಿಡಿಸಿಕೊಂಡಂತಲ್ಲ. ಸಾವಿನ ಪರಿಹಾರವನ್ನಂತೂ ಆಯುಕ್ತರಲ್ಲಿಯೇ ಠೇವಣಿ ಇಡಬೇಕು. ಅಂದರೆ ಸಹಿ ಮಾಡಿಸಿಕೊಂಡು ನೆಮ್ಮದಿಯಾಗಿರುವ ನಮ್ಮ ಗುತ್ತಿಗೆದಾರ ಸಹೋದರನಿಗೂ ಆ ಕಾಗದ ರಕ್ಷಣೆಯಲ್ಲ. 2025ರ ನವೆಂಬರ್ 21ರಿಂದ ಹಳೆ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ; ಮೂಲ ತತ್ವ, ಬಡ್ಡಿ, ದಂಡ, ಅರ್ಜಿಗೆ ಎರಡು ವರ್ಷದ ಅವಧಿ ಎಲ್ಲ ಉಳಿದಿದೆ. ಇಎಸ್‌ಐ ಇರುವ ಕಾರ್ಮಿಕನಿಗೆ ಮಾತ್ರ ಪರಿಹಾರದ ದಾರಿ ಇಎಸ್‌ಐ ಮೂಲಕವೇ.

ಯಾರ ಮೇಲೆ ಕೇಸು? ಹುಡುಗನನ್ನು ಕರೆತಂದವನು ಸಬ್ ಕಂಟ್ರಾಕ್ಟರ್, ಪಂಪು ಇನ್ನೊಬ್ಬರದು, ಕಟ್ಟಡ ಮತ್ತೊಬ್ಬರದು. ಒಬ್ಬರು ಇನ್ನೊಬ್ಬರತ್ತ ಬೊಟ್ಟು ಮಾಡುವುದು ಮಾಮೂಲು. ಕಟ್ಟಿ ಮಾರುವುದೇ ವ್ಯಾಪಾರವಾದ ಬಿಲ್ಡರ್ ಆದರೆ ಗುತ್ತಿಗೆದಾರನ ಕಾರ್ಮಿಕನಿಗೂ ಅವರೇ ಹೊಣೆ. ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ತನಗಾಗಿ ಮನೆ ಕಟ್ಟಿಸುವ ನಿವೃತ್ತ ಮೇಷ್ಟ್ರ ಮೇಲೆ ಈ ನಿಯಮ ಸಾಮಾನ್ಯವಾಗಿ ಬೀಳುವುದಿಲ್ಲ, ಅಲ್ಲಿ ಗುತ್ತಿಗೆದಾರನನ್ನೇ ಹಿಡಿಯಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ದಾರಿಯಿದೆ. ಬೂಮ್ ಪಂಪ್ ಲಾರಿಯ ಮೇಲೆ ಕೂತಿರುವುದು, ನೋಂದಣಿಯಾದ ವಾಹನ. ಟ್ರಾನ್ಸಿಟ್ ಮಿಕ್ಸರ್ ಕೂಡ ಹಾಗೇ. ವಾಹನ ನಿಂತಿದ್ದರೂ ಅದರ "ಬಳಕೆ"ಯಿಂದ ಅಪಘಾತ ಆಗಬಹುದೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅದು ಮಹಾರಾಷ್ಟ್ರದಲ್ಲಿ ಮಗುಚಿ ಬಿದ್ದ ಪೆಟ್ರೋಲ್ ಟ್ಯಾಂಕರ್ ಸ್ಫೋಟದ ಪ್ರಕರಣ. ಆದ್ದರಿಂದ ಮೋಟಾರು ಅಪಘಾತ ನ್ಯಾಯಮಂಡಳಿಯ ಬಾಗಿಲೂ ತಟ್ಟಬಹುದು. ಅಲ್ಲಿ ವೇತನ ಮಿತಿಯಿಲ್ಲ, ಆದರೆ ನಿರ್ಲಕ್ಷ್ಯ ತೋರಿಸಬೇಕು, ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ. ಎರಡೂ ಕಡೆ ಪರಿಹಾರ ಕೇಳುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ನೆಲದ ಮೇಲಿಟ್ಟು ಓಡಿಸುವ ಸಣ್ಣ ಪಂಪಿಗೆ ಈ ದಾರಿ ಕಷ್ಟ.

ಯಾವ ದಾರಿಗಾದರೂ ಮೊದಲ ದಿನದ ಕಾಗದವೇ ಜೀವ. ಆಸ್ಪತ್ರೆಯಲ್ಲಿ "ಮನೆಯಲ್ಲಿ ಜಾರಿ ಬಿದ್ದೆ" ಅಂತ ಬರೆಸಿದರೆ ಅರ್ಧ ಕೇಸು ಅಲ್ಲೇ ಮುಗಿಯಿತು. ಕೆಲಸದ ಜಾಗದಲ್ಲಿ, ಪಂಪಿನಿಂದ ಎಂದೇ ಬರೆಸಬೇಕು. ಠಾಣೆಯಲ್ಲಿ ಎಫ್‌ಐಆರ್ ಆಗಬೇಕು. ಯಂತ್ರ ನಡೆಸುವಲ್ಲಿನ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 289ನೇ ಕಲಮೇ ಇದೆ. ಪಂಪಿನ ನಂಬರ್ ಪ್ಲೇಟು, ಒಡೆದ ಕ್ಲ್ಯಾಂಪು, ಜೊತೆಗಿದ್ದವರ ಫೋನ್ ನಂಬರು, ಮೇಸ್ತ್ರಿ ಗೂಗಲ್ ಪೇಯಲ್ಲಿ ಹಾಕಿದ ಕೂಲಿಯ ದಾಖಲೆ ಎಲ್ಲ ಆ ದಿನವೇ ಮೊಬೈಲಿನಲ್ಲಿ ಹಿಡಿದಿಡಿ. ಹೋಸು ಮರುದಿನ ಇನ್ನೊಂದು ಸೈಟಿನಲ್ಲಿರುತ್ತದೆ. ವಕೀಲರ ಖರ್ಚಿಗೆ ಹೆದರುವವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಲಿ.

ಕಾರ್ಮಿಕ ಕಲ್ಯಾಣ ಮಂಡಳಿಯ ಕಾರ್ಡು ಬೇರೆಯೇ ವಿಷಯ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಯಾರೂ ಮಾಡಿಸಬಹುದು, ನವೀಕರಿಸುತ್ತಲೂ ಇರಬೇಕು. ಕಟ್ಟಡ ವೆಚ್ಚದ ಶೇ. 1ರ ಸೆಸ್ ಹಣ ಅಲ್ಲಿ ಕೂಡುತ್ತಿದೆ. ಮಾಲೀಕನ ಪರಿಹಾರದ ಜೊತೆಗೇ ಅದನ್ನೂ ಕೇಳಬಹುದು.

ಗುತ್ತಿಗೆ ಹಿಡಿದಿರುವ ನಮ್ಮವರಿಗೆ ಒಂದು ಪ್ರಶ್ನೆ: ಮುಂದಿನ ಮೋಲ್ಡಿಗೆ ಪಂಪು ಬುಕ್ ಮಾಡುವಾಗ ಘನ ಮೀಟರಿನ ದರ ಕೇಳುತ್ತೀರಿ. ಅದೇ ಫೋನಿನಲ್ಲಿ ಪಂಪಿನ ವಿಮೆ ಚಾಲ್ತಿಯಲ್ಲಿದೆಯಾ ಅಂತ ಕೇಳಿದ್ದೀರಾ? ನಿಮ್ಮ ಹುಡುಗರ ಹೆಸರಲ್ಲಿ ವರ್ಕ್‌ಮೆನ್ ಪಾಲಿಸಿ ಇದೆಯಾ?